ಸೀಲಿಂಗಿಗೆ ಹಾಕೋ ಲಾಂಚ್ ಮಾನಿಟರ್: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಮನೇಲಿ ಗಾಲ್ಫ್ ಸಿಮ್ಯುಲೇಟರ್ ಹಾಕಿಸೋದರ ಬಗ್ಗೇನೇ, ಅದರಲ್ಲೂ ಓವರ್‌ಹೆಡ್ ಲಾಂಚ್ ಮಾನಿಟರ್ ಬಗ್ಗೆ, ಅದಕ್ಕೇ ಉಳಿದಿದ್ದನ್ನ ಮುಂದಿನ ಸಂಚಿಕೆಗೆ ಇಟ್ಟು ಇದನ್ನೇ ತಗೊಂಡಿದೀನಿ. ಹೊಸಬರಿಗೆ ಎರಡು ಮಾತು ಹೇಳ್ಬಿಡ್ತೀನಿ. ಬಾಲು ಕ್ಲಬ್ಬಿಗೆ ತಾಗಿ ಹೊರಟ ಕ್ಷಣದಲ್ಲಿ ಅದರ ಸ್ಪೀಡೆಷ್ಟು, ಎಷ್ಟು ಮೇಲಕ್ಕೆದ್ದಿದೆ, ಯಾವ ಕಡೆ ಹೊರಟಿದೆ, ಎಷ್ಟು ಸ್ಪಿನ್ ಆಗ್ತಿದೆ ಅಂತ ಅಳೆಯೋದು ಲಾಂಚ್ ಮಾನಿಟರ್ ಕೆಲಸ. ಬಾಲು ಹತ್ತಡಿ ದೂರದ ಪರದೆಗೆ ಬಡಿದು ಕೆಳಗೆ ಬಿದ್ರೂ, ಆ ಲೆಕ್ಕ ಹಿಡ್ಕೊಂಡು ಕಂಪ್ಯೂಟರು ಅದು ನಿಜವಾದ ಕೋರ್ಸಲ್ಲಿ ಎಲ್ಲಿ ಹೋಗಿ ಬೀಳ್ತಿತ್ತು ಅಂತ ತೋರಿಸತ್ತೆ. ಈ ಯಂತ್ರಾನ ನೆಲದ ಮೇಲೆ ಬಾಲಿನ ಪಕ್ಕದಲ್ಲೋ ಹಿಂದೆಯೋ ಇಡ್ಬಹುದು, ಇಲ್ಲಾ ಸೀಲಿಂಗಿಗೆ ಫಿಕ್ಸ್ ಮಾಡ್ಬಹುದು. ಸೀಲಿಂಗಿಂದೇ ಓವರ್‌ಹೆಡ್.

ಪ್ರಶ್ನೆ: ನಮ್ಮದು ಸ್ವಂತ ಮನೆ ಸರ್, ಎರಡನೇ ಮಹಡೀಲಿ 18 ಅಡಿ ಉದ್ದ 14 ಅಡಿ ಅಗಲದ ರೂಮು ಖಾಲಿ ಇದೆ, ಎತ್ತರ ಸರಿಯಾಗಿ 10 ಅಡಿ. ನಾನು ಬಲಗೈ, ನಮ್ಮ ಮನೆಯವರು ಎಡಗೈ ಆಟಗಾರ್ತಿ. ಓವರ್‌ಹೆಡ್ ಹಾಕಿಸೋದಾ, ನೆಲದ ಮೇಲಿಡೋದು ಸಾಕಾ?
— ಓದುಗರೊಬ್ಬರು, ಜೆ.ಪಿ. ನಗರ

ಉತ್ತರ: ನಿಮ್ಮ ರೂಮಿಗೆ ಓವರ್‌ಹೆಡ್ ಅಂತಾನೇ ಧೈರ್ಯವಾಗಿ ಹೇಳ್ತೀನಿ. ಅದಕ್ಕೆ ದೊಡ್ಡ ಕಾರಣ ನಿಮ್ಮ ಮನೆಯವರು. ಕ್ಯಾಮೆರಾ ಇರೋ ನೆಲದ ಯಂತ್ರಗಳಲ್ಲಿ ಹೆಚ್ಚಿನವು ಆಟಗಾರರ ಎದುರಿಗೆ, ಬಾಲಿನ ಆಚೆ ಕಡೆ ಕೂತ್ಕೊಳೋವಂಥವು, ಬಲಗೈಯವರು ಹೊಡೆದ ಮೇಲೆ ಎಡಗೈಯವರು ಬಂದ್ರೆ ಯಂತ್ರಾನ ಎತ್ತಿ ಈ ಕಡೆಯಿಂದ ಆ ಕಡೆಗಿಟ್ಟು ಮತ್ತೆ ಅಲೈನ್ ಮಾಡ್ಬೇಕು, ಹದಿನೆಂಟು ಹೋಲ್ ಇಬ್ರೂ ಒಟ್ಟಿಗೆ ಆಡ್ತಾ ಪ್ರತಿ ಶಾಟಿಗೂ ಇದನ್ನ ಮಾಡ್ತಾ ಕೂತ್ರೆ ಎರಡನೇ ವಾರಕ್ಕೆ ಒಬ್ರು ಆಟ ಬಿಟ್ಟಿರ್ತಾರೆ. ಮೇಲಿಂದ ನೋಡೋ ಯಂತ್ರಕ್ಕೆ ಎಡಗೈ ಬಲಗೈ ಎರಡೂ ಒಂದೇ. ಇನ್ನೊಂದು ಕಾರಣ ಪೆಟ್ಟು. ಶ್ಯಾಂಕ್ ಆದ, ಅಂದ್ರೆ ಕ್ಲಬ್ಬಿನ ಬುಡಕ್ಕೆ ತಾಗಿ ಅಡ್ಡಕ್ಕೆ ಹಾರಿದ ಬಾಲು ನೆಲದಲ್ಲಿರೋ ಯಂತ್ರಕ್ಕೆ ನೇರವಾಗಿ ಬಡಿಯೋ ಸಾಧ್ಯತೆ ಯಾವಾಗ್ಲೂ ಇದ್ದೇ ಇರತ್ತೆ, ಮೇಲಿರೋದಕ್ಕೆ ಆ ಭಯ ತುಂಬಾ ಕಮ್ಮಿ.

ಆದ್ರೆ ದುಡ್ಡು ಕಟ್ಟೋಕೆ ಮುಂಚೆ ರೂಮನ್ನ ಸರಿಯಾಗಿ ಅಳೀರಿ, ಯಾಕಂದ್ರೆ ಬಹಳ ಜನ ಮೊದಲು ಮಷೀನ್ ಆರಿಸ್ಕೊಂಡು ಆಮೇಲೆ ಟೇಪು ಹಿಡೀತಾರೆ, ನನಗೆ ಅದು ಉಲ್ಟಾ ಅನ್ಸತ್ತೆ. ನೀವು 10 ಅಡಿ ಅಂದಿದ್ದು ನೆಲದಿಂದ ಸ್ಲ್ಯಾಬಿಗೆ. ಯಂತ್ರಕ್ಕೆ ಬೇಕಾಗಿರೋ ಲೆಕ್ಕ ಬಾಲು ಕೂರೋ ಮ್ಯಾಟ್ ಮೇಲ್ಭಾಗದಿಂದ. ಕೆಳಗೆ ಮರದ ವೇದಿಕೆ ಮಾಡಿ ಅದರ ಮೇಲೆ ದಪ್ಪ ಮ್ಯಾಟ್ ಹಾಕಿದ್ರೆ ಮೂರ್ನಾಲ್ಕು ಇಂಚು ಅಲ್ಲೇ ಹೋಯ್ತು, ಯಂತ್ರಾನೂ ಸ್ಲ್ಯಾಬಿಂದ ಸ್ವಲ್ಪ ಕೆಳಗೆ ಇಳಿಬಿದ್ದಿರತ್ತೆ. ಓವರ್‌ಹೆಡ್ ಯಂತ್ರಗಳು ಸಾಮಾನ್ಯವಾಗಿ 9ರಿಂದ 10 ಅಡಿ ಆಸುಪಾಸಿನ ಎತ್ತರ ಕೇಳ್ತವೆ, ಮಾಡೆಲಿಂದ ಮಾಡೆಲಿಗೆ ಇಂಚುಗಳ ವ್ಯತ್ಯಾಸ ಇರತ್ತೆ, ಆ ಮಾಡೆಲಿನ ಇನ್‌ಸ್ಟಲೇಷನ್ ಶೀಟ್ ತರಿಸ್ಕೊಂಡು ಓದದೇ ಅಡ್ವಾನ್ಸ್ ಕೊಡ್ಬೇಡಿ.

ಆಮೇಲೆ ಸ್ವಿಂಗು. ಎತ್ತರ ಯಂತ್ರಕ್ಕೆ ಸಾಕಾದ್ರೂ ನಿಮಗೆ ಸಾಕಾಗ್ದೇ ಇರ್ಬಹುದು. ಮ್ಯಾಟಿನಷ್ಟೇ ದಪ್ಪದ ಹಲಗೆ ಮೇಲೆ ನಿಂತು ಡ್ರೈವರ್ (ದೂರ ಹೊಡೆಯೋ ಉದ್ದದ ಕ್ಲಬ್ಬು) ಹಿಡಿದು ನಿಧಾನಕ್ಕೆ, ಸ್ಲೋ ಮೋಷನ್ನಲ್ಲಿ ಸ್ವಿಂಗ್ ಮಾಡಿ, ಕ್ಲಬ್ಬಿನ ತುದಿ ಎಲ್ಲಿ ತನಕ ಹೋಗತ್ತೆ ಅಂತ ಇನ್ನೊಬ್ರಿಗೆ ನೋಡೋಕೆ ಹೇಳಿ. ಡ್ರೈವರ್ ಉದ್ದ ಜಾಸ್ತಿ ಆದ್ರೂ ಸ್ವಿಂಗ್ ಸ್ವಲ್ಪ ಅಡ್ಡಕ್ಕೆ ಸುತ್ತತ್ತೆ, ಐರನ್ನು (ಮಧ್ಯಮ ದೂರದ ಶಾಟಿಗೆ ಬಳಸೋ ಕ್ಲಬ್ಬು) ಮೋಟಾದ್ರೂ ನೆಟ್ಟಗೆ ಮೇಲಕ್ಕೆ ಹೋಗತ್ತೆ, ಹಾಗಾಗಿ ಎರಡನ್ನೂ ನೋಡ್ಬೇಕು. ಆರಡಿ ಆಸುಪಾಸಿನ ಎತ್ತರದವರಿಗೆ 9 ಅಡಿ ಸೀಲಿಂಗು ತುಂಬಾ ಬಿಗಿ, 10 ಇದ್ರೆ ನೆಮ್ಮದಿ. ತಾಗಲ್ಲ ಅನ್ನೋದಷ್ಟೇ ಸಾಲ್ದು, ತಾಗತ್ತೇನೋ ಅನ್ನೋ ಭಯ ಇದ್ರೂ ದೇಹ ತಾನಾಗೇ ಸ್ವಿಂಗ್ ಮೊಟಕು ಮಾಡ್ಕೊಳತ್ತೆ, ಆ ಕೆಟ್ಟ ಅಭ್ಯಾಸ ಆಮೇಲೆ ಕೋರ್ಸಿಗೂ ಬರತ್ತೆ.

ಉದ್ದ 18 ಅಡಿ ಸಾಕು. ಪರದೆ ಹಿಂದೆ ಗೋಡೆಗೆ ಒಂದಡಿ ಬಿಡಿ, ಬಾಲಿಂದ ಪರದೆಗೆ ಹತ್ತಡಿ, ನಿಮ್ಮ ಹಿಂದೆ ಕ್ಲಬ್ ತಿರುಗೋಕೆ ಉಳಿದಿದ್ದು. ಅಗಲ 14 ಅಡಿ ಇರೋದ್ರಿಂದ ಬಾಲನ್ನ ಮಧ್ಯದಲ್ಲೇ ಇಟ್ಟು ಇಬ್ರೂ ಆಡ್ಬಹುದು. ಇಷ್ಟೇ ಉದ್ದದಲ್ಲಿ ಹಿಂದೆ ಇಡೋ ರೇಡಾರ್ ಯಂತ್ರ ತಗೊಂಡಿದ್ರೆ ಕಷ್ಟ ಆಗ್ತಿತ್ತು, ಅದಕ್ಕೆ ಬಾಲಿನ ಹಿಂದೇನೂ ಏಳೆಂಟಡಿ ಬೇಕು, ಬಾಲು ಹಾರಿದ್ದನ್ನ ನೋಡೋಕೆ ಮುಂದೇನೂ ಅಷ್ಟು ಬೇಕು.

ಸೀಲಿಂಗ್ ಫ್ಯಾನ್ ಇದ್ರೆ ತೆಗೆಸ್ಬಿಡಿ. ಸ್ವಿಂಗಿಗೆ ಅಡ್ಡ ಅನ್ನೋದು ಒಂದಾದ್ರೆ, ಯಂತ್ರದ ಪಕ್ಕದಲ್ಲೇ ಅಲುಗಾಡೋ ವಸ್ತು ಇರೋದೂ ಒಳ್ಳೇದಲ್ಲ. ಗೋಡೆ ಫ್ಯಾನ್ ಹಾಕಿಸ್ಕೊಳಿ.

ಪ್ರಶ್ನೆ: ವೈಟ್‌ಫೀಲ್ಡ್ ಕಡೆ ಅಪಾರ್ಟ್‌ಮೆಂಟು, ಹನ್ನೊಂದನೇ ಫ್ಲೋರು. ಫಾಲ್ಸ್ ಸೀಲಿಂಗ್ ಆದ್ಮೇಲೆ 9 ಅಡಿಗೆ ಎರಡಿಂಚು ಕಮ್ಮಿ ಇದೆ. ಫಾಲ್ಸ್ ಸೀಲಿಂಗಿಗೇ ಓವರ್‌ಹೆಡ್ ಯುನಿಟ್ ಹಾಕಿಸ್ಬಹುದಾ?
— ಓದುಗರು, ವೈಟ್‌ಫೀಲ್ಡ್

ಉತ್ತರ: ಬೇಡ. ಜಿಪ್ಸಮ್ ಬೋರ್ಡಿಗಾಗ್ಲೀ ಅದರ ತೆಳು ಚಾನೆಲ್ಲಿಗಾಗ್ಲೀ ಯಾವ ಕಾರಣಕ್ಕೂ ಹಾಕಿಸ್ಬೇಡಿ. ಅದು ಹೊರೋ ತೂಕದ ಪ್ರಶ್ನೆ ಮಾತ್ರ ಅಲ್ಲ. ಯಂತ್ರ ಕೂದಲೆಳೆಯಷ್ಟು ವಾಲಿದ್ರೂ ಡೈರೆಕ್ಷನ್ ಲೆಕ್ಕ ತಪ್ಪತ್ತೆ, ನೆಟ್ಟಗೆ ಹೊಡೆದ ಬಾಲೆಲ್ಲಾ ಬಲಕ್ಕೆ ಹೋದ ಹಾಗೆ ತೋರಿಸತ್ತೆ, ನೀವು ಇಲ್ಲದ ತಪ್ಪನ್ನ ತಿದ್ದೋಕೆ ಹೋಗಿ ಇರೋ ಸ್ವಿಂಗ್ ಹಾಳು ಮಾಡ್ಕೋತೀರ. ಕಾಂಕ್ರೀಟ್ ಸ್ಲ್ಯಾಬಿಗೇ ಆಂಕರ್ ಹೊಡೆದು ಕೂರಿಸ್ಬೇಕು.

ಈಗ ಇನ್ನೊಂದು ಗಂಭೀರವಾದ ಮಾತು, ದಯವಿಟ್ಟು ಹಗುರವಾಗಿ ತಗೋಬೇಡಿ. ಇತ್ತೀಚಿನ ಎಷ್ಟೋ ಟವರುಗಳಲ್ಲಿ ಸ್ಲ್ಯಾಬು ಪೋಸ್ಟ್ ಟೆನ್ಷನ್ ಅನ್ನೋ ಥರದ್ದು, ಅಂದ್ರೆ ಕಾಂಕ್ರೀಟಿನ ಒಳಗೆ ಉಕ್ಕಿನ ಕೇಬಲ್ಲುಗಳನ್ನ ಭಾರಿ ಬಲದಲ್ಲಿ ಎಳೆದು ಬಿಗಿದಿರ್ತಾರೆ, ಡ್ರಿಲ್ ಬಿಟ್ ಅದಕ್ಕೆ ತಗುಲಿದ್ರೆ ಅಪಾಯ ನಿಮ್ಮ ಮನೆಗೆ ಮಾತ್ರ ಅಲ್ಲ. ಬಿಲ್ಡರ್ ಹತ್ರ ಇಲ್ಲಾ ಅಸೋಸಿಯೇಷನ್ ಹತ್ರ ಸ್ಲ್ಯಾಬ್ ಯಾವ ಥರದ್ದು, ಕೇಬಲ್ ಎಲ್ಲೆಲ್ಲಿ ಹೋಗಿದೆ ಅನ್ನೋ ಡ್ರಾಯಿಂಗ್ ಕೇಳಿ, ಬರಹದಲ್ಲಿ ಒಪ್ಪಿಗೆ ತಗೊಂಡು ಆಮೇಲೆ ಡ್ರಿಲ್ ಮುಟ್ಟಿಸಿ.

ಇಷ್ಟೆಲ್ಲಾ ಮಾಡಿದ್ರೂ ನಿಮ್ಮ ಎತ್ತರಕ್ಕೆ ಓವರ್‌ಹೆಡ್ ಒಗ್ಗಲ್ಲ ಅಂತ ನನ್ನ ಅಭಿಪ್ರಾಯ. ಫಾಲ್ಸ್ ಸೀಲಿಂಗ್ ಕಿತ್ತು ಹಾಕಿ ಸ್ಲ್ಯಾಬ್ ತನಕ ಜಾಗ ಮಾಡ್ಕೊಂಡ್ರೆ ಮತ್ತೆ ಅಳೆದು ನೋಡ್ಬಹುದು. ಇಲ್ಲಾಂದ್ರೆ ಪಕ್ಕದಲ್ಲಿಡೋ ಕ್ಯಾಮೆರಾ ಯಂತ್ರ, ಸ್ಕೈಟ್ರ್ಯಾಕ್ ಥರದ್ದೋ ಫೋರ್‌ಸೈಟ್ ಜಿಸಿ3 ಥರದ್ದೋ ತಗೊಂಡು ಐರನ್, ವೆಜ್ (ಹತ್ರದ ಶಾಟಿಗೆ ಬಳಸೋ ಕ್ಲಬ್ಬು) ಅಭ್ಯಾಸ ಮಾಡಿ, ಅದರಲ್ಲಿ ಕಮ್ಮಿ ಅನ್ನೋದೇನಿಲ್ಲ. ಜೊತೆಗೆ ಸದ್ದಿನ ಬಗ್ಗೆನೂ ಯೋಚನೆ ಮಾಡಿ: ಸಾಧಾರಣ ಆಟಗಾರರ ಡ್ರೈವರ್ ಬಾಲೇ ಗಂಟೆಗೆ 200 ಕಿಲೋಮೀಟರ್ ದಾಟಿರತ್ತೆ, ಅದು ಪರದೆಗೆ ಬಡಿಯೋ ಸದ್ದು ಪಕ್ಕದ ಮನೆಗೆ, ಕ್ಲಬ್ಬು ಮ್ಯಾಟಿಗೆ ಬಡಿಯೋ ಸದ್ದು ಕೆಳಗಿನ ಮನೆಗೆ. ಮ್ಯಾಟ್ ಕೆಳಗೆ ದಪ್ಪ ರಬ್ಬರ್ ಹಾಳೆ ಹಾಕಿ, ರಾತ್ರಿ ಹೊತ್ತು ಚಿಪ್ಪಿಂಗ್, ಪಟಿಂಗ್ ಥರ ಮೆಲ್ಲಗೆ ಹೊಡೆಯೋ ಶಾಟು ಅಷ್ಟೇ ಇಟ್ಕೊಳಿ.

ಪ್ರಶ್ನೆ: ಯುನೀಕೋರ್, ಪ್ರೋಟೀ, ಫೋರ್‌ಸೈಟ್, ಟ್ರ್ಯಾಕ್‌ಮ್ಯಾನ್ — ಹೆಸರು ಕೇಳಿ ತಲೆ ತಿರುಗ್ತಿದೆ. ಕೆಲವಕ್ಕೆ ಗುರುತು ಹಾಕಿದ ಬಾಲೇ ಬೇಕಂತೆ, ಕ್ಲಬ್ಬಿಗೆ ಸ್ಟಿಕ್ಕರ್ ಅಂಟಿಸ್ಬೇಕಂತೆ. ಯಾವುದು ತಗೊಳ್ಲಿ?
— ಓದುಗರು, ಮಲ್ಲೇಶ್ವರಂ

ಉತ್ತರ: ಓವರ್‌ಹೆಡ್ಡುಗಳಲ್ಲಿ ಹೆಚ್ಚಿನವು ಕ್ಯಾಮೆರಾ ಮೇಲೇ ನಡೆಯೋದು. ಸೆಕೆಂಡಿಗೆ ಸಾವಿರಾರು ಫ್ರೇಮ್ ತೆಗೆಯೋ ಕ್ಯಾಮೆರಾ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು, ಆ ಬೆಳಕಲ್ಲಿ ಬಾಲು ಹೇಗೆ ತಿರುಗ್ತಿದೆ ಅಂತ ಫೋಟೋಗಳನ್ನ ಹೋಲಿಸಿ ಸ್ಪಿನ್ ಕಂಡುಹಿಡಿಯೋದು. ತಿರುಗೋದು ಕಾಣ್ಬೇಕು ಅಂದ್ರೆ ಬಾಲಿನ ಮೇಲೆ ಏನಾದ್ರೂ ಗುರುತು ಬೇಕಲ್ವಾ, ಅದಕ್ಕೇ ಕೊರಿಯಾದ ಯುನೀಕೋರ್ ಕಂಪನಿಯ ಕ್ಯೂಇಡಿ ಅನ್ನೋ ಮಾಡೆಲಿಗೆ ಗುರುತು ಇರೋ ಬಾಲೇ ಬೇಕು. ಅದೇ ಕಂಪನಿಯ ಐ ಎಕ್ಸ್‌ಒ, ಐ ಎಕ್ಸ್‌ಒ2 ಬಾಲಿನ ಮೇಲಿರೋ ಗುಳಿಗಳನ್ನೇ ಓದ್ತವೆ, ಯಾವ ಬಾಲಾದ್ರೂ ನಡೆಯತ್ತೆ. ಆದ್ರೆ ಕ್ಲಬ್ ಫೇಸ್ (ಬಾಲಿಗೆ ತಾಗೋ ಮುಖ) ಎಷ್ಟು ತೆರೆದಿತ್ತು, ಬಾಲು ಫೇಸಿನ ಎಲ್ಲಿ ತಾಗ್ತು ಅನ್ನೋದೆಲ್ಲಾ ಬೇಕಂದ್ರೆ ಕ್ಲಬ್ಬಿಗೆ ಹೊಳೆಯೋ ಸ್ಟಿಕ್ಕರ್ ಅಂಟಿಸ್ಬೇಕು. ಎಕ್ಸ್‌ಒ2ನಲ್ಲಿ ಮೂರು ಕ್ಯಾಮೆರಾ, ಬಾಲಿಡೋ ಜಾಗ ಹಳೇದಕ್ಕಿಂತ ದೊಡ್ಡದು, ಅಲ್ಲೇ ಇಡ್ಬೇಕು ಇಲ್ಲೇ ಇಡ್ಬೇಕು ಅನ್ನೋ ಕಾಟ ಕಮ್ಮಿ. ನೆದರ್ಲೆಂಡ್ಸಿನ ಪ್ರೋಟೀ ವಿಎಕ್ಸ್ ಫೋಟೋಗಳನ್ನ ಎಐ ಕೈಲಿ ಓದಿಸತ್ತೆ, ಕ್ಲಬ್ಬಿಗೆ ಸ್ಟಿಕ್ಕರ್ ಬೇಡ, ಈ ಗುಂಪಿನಲ್ಲಿ ಬೆಲೇನೂ ಕೆಳಗಿನ ಕಡೆ. ಅಮೆರಿಕದ ಫೋರ್‌ಸೈಟ್ ಫಾಲ್ಕನ್ ಮತ್ತೆ ಡೆನ್ಮಾರ್ಕಿನ ಟ್ರ್ಯಾಕ್‌ಮ್ಯಾನ್ ಐಒ ಬೆಲೇಲಿ ಮೇಲಿನ ಕಡೆ, ಐಒನಲ್ಲಿ ಕ್ಯಾಮೆರಾ ಜೊತೆಗೆ ರೇಡಾರೂ ಇದೆ.

ನನ್ನ ಆಯ್ಕೆ ಕೇಳಿದ್ರೆ, ಮನೆ ಮಂದಿ ಸೇರಿ ಕೋರ್ಸ್ ಆಡೋದೇ ಮುಖ್ಯ ಅಂದ್ರೆ ಪ್ರೋಟೀ ವಿಎಕ್ಸ್. ಹ್ಯಾಂಡಿಕ್ಯಾಪ್ (ಆಟದ ಮಟ್ಟ ತೋರಿಸೋ ಅಂಕಿ, ಕಮ್ಮಿ ಇದ್ದಷ್ಟೂ ಒಳ್ಳೇದು) ಇಳಿಸ್ಬೇಕು, ಕೋಚ್ ಹೇಳಿದ್ದನ್ನ ಮನೇಲಿ ನಂಬರ್ ನೋಡ್ಕೊಂಡು ತಿದ್ಕೋಬೇಕು ಅಂದ್ರೆ ಎಕ್ಸ್‌ಒ2, ಸ್ಟಿಕ್ಕರ್ ಅಂಟಿಸೋದು ಅಂಥ ತೊಂದರೆ ಏನಲ್ಲ. ಟ್ರ್ಯಾಕ್‌ಮ್ಯಾನ್ ಸಾಫ್ಟ್‌ವೇರಿಗೆ ವರ್ಷ ವರ್ಷ ದುಡ್ಡು ಕಟ್ಬೇಕು, ಆಡೋದೂ ಅವರದ್ದೇ ಸಾಫ್ಟ್‌ವೇರಲ್ಲಿ, ಅದಕ್ಕೆ ಮನಸ್ಸು ಒಪ್ಪಿದ್ರೆ ಮಾತ್ರ ಆ ಕಡೆ ನೋಡಿ. ಜಿಎಸ್‌ಪ್ರೋ ಅನ್ನೋ ಸಾಫ್ಟ್‌ವೇರನ್ನ ತುಂಬಾ ಜನ ಇಷ್ಟಪಡ್ತಾರೆ, ಅದೂ ವರ್ಷದ ಲೆಕ್ಕ, 250 ಡಾಲರ್, ವಿಂಡೋಸ್ ಕಂಪ್ಯೂಟರೇ ಬೇಕು. ನೀವು ತಗೊಳೋ ಯಂತ್ರ ಅದರ ಜೊತೆ ಸೇರತ್ತಾ, ಸೇರ್ಬೇಕಂದ್ರೆ ಯಂತ್ರದ ಕಂಪನಿಗೂ ಬೇರೆ ಪ್ಲಾನ್ ಕಟ್ಬೇಕಾ ಅಂತ ಮೊದಲೇ ಕೇಳಿ, ಯಂತ್ರದ ಬೆಲೆ ಒಂದೇ ನೋಡಿದ್ರೆ ಐದು ವರ್ಷದ ಖರ್ಚು ಗೊತ್ತಾಗಲ್ಲ.

ಪ್ರಶ್ನೆ: ಕೆಜಿಎ (ಕರ್ನಾಟಕ ಗಾಲ್ಫ್ ಅಸೋಸಿಯೇಷನ್) ಕೋರ್ಸಲ್ಲಿ ನನ್ನ 7 ಐರನ್ ಹೋಗೋಷ್ಟು ದೂರ ಸಿಮ್ಯುಲೇಟರಲ್ಲಿ ಹೋಗ್ತಿಲ್ಲ. ಯಂತ್ರ ಕೆಟ್ಟಿದ್ಯಾ?
— ಓದುಗರು, ದೊಮ್ಮಲೂರು

ಉತ್ತರ: ಯಂತ್ರ ಸರಿಯಾಗೇ ಇರ್ಬಹುದು, ಮೊದಲು ಸೆಟ್ಟಿಂಗಲ್ಲಿ ಆಲ್ಟಿಟ್ಯೂಡ್ ನೋಡಿ. ಬೆಂಗಳೂರು ಸಮುದ್ರ ಮಟ್ಟಕ್ಕಿಂತ ಹೆಚ್ಚೂ ಕಮ್ಮಿ 900 ಮೀಟರ್ ಮೇಲಿದೆ, ಅಂದ್ರೆ 3000 ಅಡಿ ಹತ್ರ. ಇಲ್ಲಿ ಗಾಳಿ ತೆಳು, ಬಾಲಿಗೆ ತಡೆ ಕಮ್ಮಿ, ಪ್ರತಿ ಸಾವಿರ ಅಡಿಗೆ ಒಂದು ಪರ್ಸೆಂಟಿಗಿಂತ ಸ್ವಲ್ಪ ಜಾಸ್ತಿ ದೂರ ಸಿಗತ್ತೆ ಅಂತ ಲೆಕ್ಕ. 150 ಯಾರ್ಡ್ ಶಾಟಿಗೆ ಐದು ಯಾರ್ಡು, 250ರ ಡ್ರೈವಿಗೆ ಎಂಟೊಂಬತ್ತು ಯಾರ್ಡು. ಸಾಫ್ಟ್‌ವೇರು ಸಮುದ್ರ ಮಟ್ಟದಲ್ಲೇ ಇದ್ರೆ ಅಷ್ಟು ಕಮ್ಮಿ ತೋರಿಸತ್ತೆ, ಅದು ಯಂತ್ರದ ತಪ್ಪಲ್ಲ. ಅಭ್ಯಾಸದ ರೇಂಜಿಗೆ ಬೆಂಗಳೂರಿನ ಎತ್ತರ ಹಾಕಿಟ್ಕೊಳಿ. ಚೆನ್ನೈಗೋ ಮಂಗಳೂರು ಕಡೆಗೋ ಆಡೋಕೆ ಹೋಗೋ ವಾರ ಸೊನ್ನೆಗಿಳಿಸಿ ಆಡಿ, ಯಾವ ಕ್ಲಬ್ ತೆಗೀಬೇಕು ಅಂತ ಮುಂಚೇನೇ ಗೊತ್ತಾಗತ್ತೆ, ನನಗೆ ಸಿಮ್ಯುಲೇಟರಿನ ನಿಜವಾದ ಉಪಯೋಗ ಇಂಥದ್ದರಲ್ಲಿ ಕಾಣತ್ತೆ.

ಇನ್ನೊಂದು ಪರೀಕ್ಷೆ ಇದೆ. ಬಾಲಿನ ಸ್ಪೀಡನ್ನ ಕ್ಲಬ್ಬಿನ ಸ್ಪೀಡಿಂದ ಭಾಗಿಸಿದ್ರೆ ಬರೋ ಸ್ಮ್ಯಾಶ್ ಫ್ಯಾಕ್ಟರ್ ಡ್ರೈವರಲ್ಲಿ ಸುಮಾರು 1.5 ಮೇಲೆ ಹೋಗಲ್ಲ. ಪದೇ ಪದೇ 1.6 ತೋರಿಸ್ತಿದ್ರೆ ಎರಡರಲ್ಲಿ ಒಂದು ನಂಬರು ಸುಳ್ಳು ಅಂತ ಅರ್ಥ, ಆಗ ಕ್ಯಾಲಿಬ್ರೇಷನ್ ಮಾಡಿಸಿ. ಕ್ಯಾರಿ ದೂರ, ಅಂದ್ರೆ ಬಾಲು ನೆಲಕ್ಕೆ ಬೀಳೋ ತನಕ ಗಾಳೀಲಿ ಹೋಗೋ ದೂರ ಅನ್ನೋದು ಯಾವ ಯಂತ್ರದಲ್ಲೂ ರೂಮೊಳಗೆ ಅಳೆದಿದ್ದಲ್ಲ, ಲೆಕ್ಕ ಹಾಕಿದ್ದು. ಅನುಮಾನ ಬಂದಾಗ ಬಾಲಿನ ಸ್ಪೀಡು, ಲಾಂಚ್ ಆಂಗಲ್, ಸ್ಪಿನ್ ಈ ಮೂರನ್ನ ನೋಡಿ.

ಪ್ರಶ್ನೆ: ಟೆರೇಸ್ ಮೇಲೆ ಶೀಟ್ ಹಾಕಿ ಸುತ್ತ ಮುಚ್ಚಿಸಿದೀವಿ, ಎತ್ತರ ಹನ್ನೊಂದಡಿ. ಅಲ್ಲಿ ಹಾಕ್ಬಹುದಾ?
— ಓದುಗರು, ಯಲಹಂಕ

ಉತ್ತರ: ಎತ್ತರ ಚೆನ್ನಾಗಿದೆ, ಆದ್ರೆ ಶೀಟಿನ ಕಬ್ಬಿಣದ ಫ್ರೇಮಿಗೆ ನೇರವಾಗಿ ಹಾಕ್ಬೇಡಿ, ಗಾಳಿ ಬೀಸಿದ್ರೆ ಅದು ನಡುಗತ್ತೆ, ಬಿಸಿಲಿಗೆ ಹಿಗ್ಗತ್ತೆ. ಕೆಳಗಿನ ಸ್ಲ್ಯಾಬಿಂದಲೇ ಎರಡು ಎಂಎಸ್ ಕಂಬ ಎಬ್ಬಿಸಿ ಮೇಲೆ ಅಡ್ಡ ತೊಲೆ ಹಾಕಿಸಿ, ಯಂತ್ರಾನ ಅದಕ್ಕೆ ಕೂರಿಸಿ. ಹನ್ನೊಂದಡಿ ಇರೋದ್ರಿಂದ ಬೇಕಾದ ಎತ್ತರಕ್ಕೆ ಇಳಿಸ್ಕೊಳೋಕೂ ಆಗತ್ತೆ. ಕಂಬದ ಬೇಸ್ ಪ್ಲೇಟಿಗೆ ಸ್ಲ್ಯಾಬ್ ಕೊರೆದ ಜಾಗದಲ್ಲಿ ವಾಟರ್‌ಪ್ರೂಫಿಂಗ್ ಮಾಡಿಸದೇ ಬಿಟ್ರೆ ಮೊದಲ ಮಳೆಗೇ ಕೆಳಗಿನ ರೂಮು ಸೋರತ್ತೆ. ಶೀಟಿನ ಸಂದಿಯಿಂದ ಬಾಲಿಡೋ ಜಾಗಕ್ಕೆ ನೇರ ಬಿಸಿಲು ಬೀಳ್ಬಾರ್ದು, ಬಿಸಿಲಲ್ಲೂ ಇನ್‌ಫ್ರಾರೆಡ್ ಇರೋದ್ರಿಂದ ಕ್ಯಾಮೆರಾ ಗಲಿಬಿಲಿ ಆಗತ್ತೆ. ಕಡು ಬಣ್ಣದ ದಪ್ಪ ಕರ್ಟನ್ ಹಾಕಿ. ಬೇಸಿಗೆ ಮಧ್ಯಾಹ್ನದಲ್ಲಿ ಶೀಟ್ ಕೆಳಗೆ ಎಷ್ಟು ಕಾವಿರತ್ತೆ ಅಂತ ಅಳೆದು, ಯಂತ್ರ ಮತ್ತೆ ಪ್ರೊಜೆಕ್ಟರ್ ಎರಡೂ ಎಷ್ಟು ಬಿಸಿ ತಡೀತವೆ ಅಂತ ಹೋಲಿಸಿ ನೋಡಿ.

ಪ್ರಶ್ನೆ: ಕರೆಂಟ್ ಹೋದ್ರೆ?
— ಓದುಗರು, ಕೆಂಗೇರಿ

ಉತ್ತರ: ಕಂಪ್ಯೂಟರು, ಯಂತ್ರ, ಪ್ರೊಜೆಕ್ಟರ್ ಮೂರನ್ನೂ ಯುಪಿಎಸ್ ಮೇಲೆ ಹಾಕಿ. ಗೇಮಿಂಗ್ ಕಾರ್ಡ್ ಇರೋ ಕಂಪ್ಯೂಟರು ಎಳೆಯೋ ಕರೆಂಟು ಜಾಸ್ತಿ, ಸಣ್ಣ ಯುಪಿಎಸ್ ಸಾಲಲ್ಲ. ಎಸ್.ಪಿ. ರೋಡಲ್ಲಿ ಕಂಪ್ಯೂಟರ್ ಕಟ್ಟಿಸೋವಾಗ್ಲೇ ಒಟ್ಟು ವ್ಯಾಟ್ ಲೆಕ್ಕ ಹಾಕಿಸ್ಕೊಳಿ.

ಪ್ರಶ್ನೆ: ನಮ್ಮ ಭಾವ ಅಮೆರಿಕದಿಂದ ಬರೋವಾಗ ಒಂದು ಸೆಕೆಂಡ್ ಹ್ಯಾಂಡ್ ಓವರ್‌ಹೆಡ್ ತಂದ್ಕೊಡ್ತೀನಿ ಅಂತಿದಾರೆ. ತರಿಸ್ಲಾ?
— ಓದುಗರು, ಬಸವನಗುಡಿ

ಉತ್ತರ: ಮೂರು ವಿಷಯ ಬರಹದಲ್ಲಿ ಗೊತ್ತಾದ ಮೇಲೆ ತರಿಸಿ. ಹಳೇ ಮಾಲೀಕರ ಅಕೌಂಟಿಂದ ಯಂತ್ರ ಬಿಡುಗಡೆ ಆಗಿ ನಿಮ್ಮ ಹೆಸರಿಗೆ ರಿಜಿಸ್ಟರ್ ಆಗತ್ತಾ, ವಾರಂಟಿ ಇಂಡಿಯಾದಲ್ಲಿ ನಡೆಯತ್ತಾ, ಕೆಟ್ರೆ ರಿಪೇರಿಗೆ ಯಾವ ದೇಶಕ್ಕೆ ಕಳಿಸ್ಬೇಕು. ಸೀಲಿಂಗಿಗೆ ಹಾಕೋ ಬ್ರ್ಯಾಕೆಟ್ಟು, ಕ್ಯಾಲಿಬ್ರೇಷನ್ ಸಾಮಾನು, ಪವರ್ ಅಡಾಪ್ಟರ್ ಎಲ್ಲಾ ಜೊತೇಲಿದ್ಯಾ ಅಂತಾನೂ ನೋಡಿ, ಒಂದು ಇಲ್ದಿದ್ರೂ ಇಲ್ಲಿ ಸಿಗೋದು ಕಷ್ಟ. ಬ್ಯಾಗಲ್ಲಿ ತಂದ್ರೂ ದೇವನಹಳ್ಳಿ ಏರ್‌ಪೋರ್ಟಲ್ಲಿ ಕಸ್ಟಮ್ಸಿಗೆ ಡಿಕ್ಲೇರ್ ಮಾಡಿ ಡ್ಯೂಟಿ ಕಟ್ಟೋಕೆ ಹೇಳಿ, ಅದನ್ನೂ ಸೇರಿಸಿ ಇಲ್ಲಿನ ಬೆಲೆ ಜೊತೆ ಹೋಲಿಸಿ. ವ್ಯತ್ಯಾಸ ಸಣ್ಣದಾದ್ರೆ ನಾನಂತೂ ಇಲ್ಲೇ ಬಿಲ್ ಹಾಕಿಸ್ಕೊಂಡು ತಗೋ ಅಂತೀನಿ, ಸ್ಲ್ಯಾಬಿಗೆ ಬೋಲ್ಟ್ ಹಾಕಿ ಕೂರಿಸಿದ ವಸ್ತು ಕೆಟ್ಟಾಗ ಬಂದು ನೋಡೋರು ಊರಲ್ಲೇ ಇರ್ಬೇಕು.

ಪ್ರಶ್ನೆ: ಮಗಳಿಗೆ ಹನ್ನೊಂದು ವರ್ಷ, ಗಾಲ್ಫ್ ಅಂದ್ರೆ ಪ್ರಾಣ. ಕೋರ್ಸಿಗೆ ಕರ್ಕೊಂಡು ಹೋಗಿ ಬರೋಕೆ ಟ್ರಾಫಿಕ್ಕಲ್ಲೇ ಅರ್ಧ ದಿನ ಹೋಗತ್ತೆ. ಮನೇಲೇ ಓವರ್‌ಹೆಡ್ ಸಿಮ್ಯುಲೇಟರ್ ಹಾಕಿಸಿದ್ರೆ ಸಾಕಾ ಸರ್?
— ಒಬ್ಬ ತಾಯಿ, ಸರ್ಜಾಪುರ ರಸ್ತೆ

ಉತ್ತರ: ಮೇಡಂ, ಅನುಕೂಲ ಇದ್ರೆ ಖಂಡಿತಾ ಹಾಕಿಸಿ, ವಾರದ ದಿನಗಳಲ್ಲಿ ಸ್ಕೂಲಿಂದ ಬಂದು ಅರ್ಧ ಗಂಟೆ ಹೊಡೆಯೋಕೆ ಸಿಕ್ಕಿದ್ರೆ ಅದು ದೊಡ್ಡ ಲಾಭ. ಮಕ್ಕಳ ಎತ್ತರಕ್ಕೆ ಸೀಲಿಂಗ್ ಈಗ ಸಾಕಾಗ್ಬಹುದು, ಆದ್ರೆ ಐದು ವರ್ಷದಲ್ಲಿ ಎಷ್ಟು ಬೆಳೀತಾಳೆ ಅಂತ ಮನೆಯವರ ಎತ್ತರ ನೋಡಿ ಲೆಕ್ಕ ಹಾಕಿ. ಆದ್ರೆ ಕೋರ್ಸ್ ಬಿಡಿಸ್ಬೇಡಿ. ಮ್ಯಾಟ್ ಯಾವಾಗ್ಲೂ ಸಮತಟ್ಟು, ಇಳಿಜಾರಲ್ಲಿ ನಿಲ್ಲೋದು, ಒದ್ದೆ ಹುಲ್ಲು, ಬಂಕರಿನ ಮರಳು, ನಿಜವಾದ ಗ್ರೀನಿನ (ಹೋಲ್ ಸುತ್ತಲಿನ ಸಣ್ಣ ಹುಲ್ಲಿನ ಜಾಗ) ಏರಿಳಿತ ಇದ್ಯಾವುದನ್ನೂ ಸೀಲಿಂಗಿನ ಕ್ಯಾಮೆರಾ ಕಲಿಸಲ್ಲ. ಬಾಲಿನ ಹಿಂದೆ ನೆಲಕ್ಕೆ ಹೊಡೆದ್ರೂ ಮ್ಯಾಟ್ ಮೇಲೆ ಕ್ಲಬ್ ಜಾರಿ ಬಾಲಿಗೆ ತಾಗತ್ತೆ, ಶಾಟು ಚೆನ್ನಾಗಿ ಬಂತು ಅಂತ ಅನ್ಸತ್ತೆ, ಹುಲ್ಲಲ್ಲಿ ಅದೇ ಶಾಟು ಅರ್ಧ ದೂರಾನೂ ಹೋಗಲ್ಲ.

ಇನ್ನೊಂದು ಕೇಳ್ಕೋತೀನಿ, ಪರದೆ ಮೇಲೆ ದೂರದ ನಂಬರ್ ಒಂದನ್ನೇ ದೊಡ್ಡದಾಗಿ ಇಡ್ಬೇಡಿ. ಮಕ್ಕಳು ಅದರ ಹಿಂದೇನೇ ಬೀಳ್ತಾರೆ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದಾಗ ಅಲ್ಲಿದ್ದ ದೂರ ಹೊಡೆಯೋರ ಸಾಲಲ್ಲಿ ಇರ್ಲಿಲ್ಲ, ಗ್ರೀನ್ ಹತ್ರದ ಆಟ ಮತ್ತೆ ಪಟಿಂಗ್ ಮೇಲೆ ಕೊನೇ ದಿನದ ತನಕ ಪದಕದ ಪೈಪೋಟೀಲಿ ಇದ್ರು. ಮಗಳಿಗೆ 30, 50, 70 ಯಾರ್ಡ್ ವೆಜ್ ಶಾಟುಗಳನ್ನ ಕೊಡಿ, ಬಾಲು ಹೇಳಿದಷ್ಟೇ ದೂರಕ್ಕೆ ಬೀಳತ್ತಾ ಅಂತ ಬರೆದಿಡೋಕೆ ಹೇಳಿ.

ಪ್ರಶ್ನೆ: ಮುಂದಿನ ತಿಂಗಳು ಇಂಟೀರಿಯರ್ ಕೆಲಸ ಶುರು. ಮಾಡೆಲ್ ಇನ್ನೂ ಆರಿಸಿಲ್ಲ. ಈಗ್ಲೇ ಏನೇನು ಮಾಡಿಸಿಟ್ಟಿರ್ಲಿ?
— ಓದುಗರು, ರಾಜಾಜಿನಗರ

ಉತ್ತರ: ಸೀಲಿಂಗಲ್ಲಿ ಒಂದು ಪವರ್ ಪಾಯಿಂಟು, ಅಲ್ಲಿಂದ ಕಂಪ್ಯೂಟರ್ ಇಡೋ ಮೂಲೆಗೆ ಅಗಲವಾದ ಖಾಲಿ ಪೈಪು, ಅದರೊಳಗೆ ಎಳೆಯೋ ದಾರ ಬಿಟ್ಟಿರ್ಲಿ, ಆಮೇಲೆ ಯಾವ ಕೇಬಲ್ ಬೇಕಾದ್ರೂ ಎಳ್ಕೋಬಹುದು. ಕ್ಯಾಮೆರಾ ಥರದ ಓವರ್‌ಹೆಡ್‌ಗಳಲ್ಲಿ ಹೆಚ್ಚಿನವು ಬಾಲಿನ ನೆತ್ತಿ ಮೇಲಲ್ಲ, ಬಾಲಿಂದ ಪರದೆ ಕಡೆಗೆ ಮೂರು ಮೂರೂವರೆ ಅಡಿ ಮುಂದಕ್ಕೆ ಬರ್ತವೆ, ಎಲೆಕ್ಟ್ರಿಷಿಯನ್ನಿಗೆ ಇದನ್ನ ಹೇಳದೇ ಇದ್ರೆ ರೂಮಿನ ನಟ್ಟನಡುವೆ ಪಾಯಿಂಟ್ ಕೊಟ್ಟು ಹೋಗ್ತಾರೆ. ಪ್ರೊಜೆಕ್ಟರಿಗೆ ಬೇರೆ ಪಾಯಿಂಟ್ ಕೊಡಿಸಿ, ಶಾರ್ಟ್ ಥ್ರೋ (ಹತ್ರದಿಂದಲೇ ದೊಡ್ಡ ಚಿತ್ರ ಬಿಡೋ ಥರದ್ದು) ತಗೊಂಡ್ರೆ ನಿಮ್ಮ ನೆರಳು ಪರದೆ ಮೇಲೆ ಬೀಳಲ್ಲ, ಆದ್ರೆ ಅದರ ಬೆಳಕಿಗೆ ಲಾಂಚ್ ಮಾನಿಟರ್ ಅಡ್ಡ ಬರ್ಬಾರ್ದು, ಪೇಪರ್ ಮೇಲೆ ಅಳತೆಗೆ ಸರಿಯಾಗಿ ಎರಡನ್ನೂ ಬರೆದು ನೋಡಿ. ಬಾಲಿಡೋ ಜಾಗದ ಸುತ್ತ ಹೊಳೆಯೋ ವಿಟ್ರಿಫೈಡ್ ಟೈಲ್ಸ್ ಕಾಣದ ಹಾಗೆ ಮ್ಯಾಟ್ ಬರ್ಲಿ. ಫಾಲ್ಸ್ ಸೀಲಿಂಗ್ ಆ ರೂಮಿಗೆ ಬೇಡ ಅಂತ ಇಂಟೀರಿಯರ್‌ನವರಿಗೆ ಈಗ್ಲೇ ಹೇಳ್ಬಿಡಿ, ಸ್ಲ್ಯಾಬಿಗೆ ಕಡು ಬಣ್ಣದ ಮ್ಯಾಟ್ ಫಿನಿಶ್ ಪೇಂಟ್ ಹೊಡೆಸಿದ್ರೆ ಸಾಕು.